ಇನ್ನೂ ಮುಗಿಯದ ಗೇಮ್‌ಗೆ ಈಗಲೇ ದುಡ್ಡು ಯಾಕೆ? ಬಿಡುಗಡೆಗೂ ಮುಂಚೆ ಅಭಿಮಾನಿಗಳ ಜೊತೆ ನಡೆಯುವ ಮಾತುಕತೆ ಹೇಗಿರುತ್ತೆ?

ಕಾಲೇಜಿಗೆ ಹೋಗುವ ಮಗನೋ ಮಗಳೋ ಮನೆಯಲ್ಲಿದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಒಂದು ಗೇಮ್ ಬೇಕು, ಮೂರು ಸಾವಿರ ರೂಪಾಯಿ. ಬಿಡುಗಡೆ ಆಗಿದೆಯಾ? ಇಲ್ಲ. ಯಾವಾಗ ಆಗುತ್ತೆ? ಒಂದೆರಡು ವರ್ಷ ಹಿಡಿಯಬಹುದು. ಹಾಗಾದ್ರೆ ಈಗಲೇ ದುಡ್ಡು ಯಾಕೆ? ಅರ್ಧ ರೆಡಿ ಇದೆ, ಅದನ್ನ ಈಗಲೇ ಆಡಬಹುದು, ನಾವು ಹೇಳಿದ್ದನ್ನ ಕೇಳಿಕೊಂಡು ಉಳಿದದ್ದನ್ನ ಅವರು ಮಾಡ್ತಾರೆ. ಇಷ್ಟು ಕೇಳಿದ ಮೇಲೆ ಇದೇನು ಮೋಸವೋ, ನಿಜವಾಗಲೂ ಹೀಗೊಂದು ಪದ್ಧತಿ ಇದೆಯೋ ಅನ್ನುವ ಅನುಮಾನ ಬರೋದು ಸಹಜ ಅಲ್ವಾ?

ಪದ್ಧತಿ ಇದೆ. ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಹೆಸರು ಮಾಡಿದ ಕೆಲವು ರೋಲ್ ಪ್ಲೇಯಿಂಗ್ ಗೇಮ್‌ಗಳು ಹೀಗೇ ಬೆಳೆದವು. ಬೆಲ್ಜಿಯಂನ ಗೆಂಟ್ ನಗರದ ಲೇರಿಯನ್ ಸ್ಟುಡಿಯೋಸ್ ಕಂಪನಿ 2025ರ ಡಿಸೆಂಬರ್‌ನಲ್ಲಿ ಡಿವಿನಿಟಿ ಅನ್ನುವ ಹೊಸ ಆಟವನ್ನು ಘೋಷಿಸಿತು. ಇದೇ ಕಂಪನಿ ಹಿಂದೆ ಬಾಲ್ಡರ್ಸ್ ಗೇಟ್ 3 ಆಟವನ್ನು ಬಿಡುಗಡೆಗೆ ಸುಮಾರು ಮೂರು ವರ್ಷ ಮೊದಲೇ ಜನರ ಕೈಗೆ ಕೊಟ್ಟು, ಅವರು ಹೇಳಿದ್ದನ್ನು ಕೇಳುತ್ತಾ ಮುಗಿಸಿತ್ತು. ಆ ಒಂದು ಆಟವನ್ನು ಹಿಡಿದುಕೊಂಡು ನೋಡಿದರೆ ಈ ವ್ಯವಹಾರ ಪೂರ್ತಿ ಅರ್ಥವಾಗುತ್ತೆ. ಉಲ್ಟಾ ಹೊಡೆದ ಇನ್ನೊಂದು ಆಟದ ಕಥೆಯೂ ಮುಂದೆ ಬರುತ್ತೆ.

ರೋಲ್ ಪ್ಲೇಯಿಂಗ್ ಗೇಮ್ ಅಂದ್ರೆ ಏನು?

ಚಿಕ್ಕದಾಗಿ ಆರ್‌ಪಿಜಿ ಅಂತಾರೆ. ಒಂದು ಕಥೆಯೊಳಗೆ ನೀವೊಂದು ಪಾತ್ರ. ಹೆಸರು, ಮುಖ, ಕುಲ, ಕಸುಬು ಎಲ್ಲ ನೀವೇ ಆರಿಸಿಕೊಳ್ತೀರಿ. ಮುಂದೆ ಯಾರ ಜೊತೆ ಸೇರಬೇಕು, ಯಾರನ್ನು ನಂಬಬೇಕು, ಯಾರಿಗೆ ಕೈಕೊಡಬೇಕು ಅನ್ನೋದೂ ನಿಮ್ಮದೇ ತೀರ್ಮಾನ. ನೀವು ಏನು ಮಾಡಿದಿರೋ ಅದರ ಮೇಲೆ ಕಥೆ ದಾರಿ ಬದಲಿಸುತ್ತೆ.

ಇದರ ಬೇರು ಕಂಪ್ಯೂಟರ್‌ನಲ್ಲಿಲ್ಲ, ಮೇಜಿನ ಮೇಲಿದೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಆಟ ತಂದರು. ನಾಲ್ಕೈದು ಜನ ಸುತ್ತ ಕೂತು, ಒಬ್ಬರು ಕಥೆ ಹೇಳುತ್ತಾ, ಉಳಿದವರು ಪಾತ್ರಗಳಾಗಿ, ದಾಳ ಉರುಳಿಸಿ ಗೆಲುವು ಸೋಲು ನಿರ್ಧರಿಸುವ ಆಟ ಅದು. ಇಪ್ಪತ್ತು ಮುಖದ ದಾಳ ಅದರ ಗುರುತು. ಬಾಲ್ಡರ್ಸ್ ಗೇಟ್ ಸರಣಿ ಇದೇ ನಿಯಮಗಳ ಮೇಲೆ ನಿಂತದ್ದು. ಮೊದಲನೆಯದು 1998ರಲ್ಲಿ, ಎರಡನೆಯದು 2000ದಲ್ಲಿ ಬಂತು. ಆಮೇಲೆ ಮೂರನೆಯದಕ್ಕೆ ಜನ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾದರು.

ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಒಂದು ರೇಸಿಂಗ್ ಗೇಮ್ ಹೇಗಿದೆ ಅಂತ ಹತ್ತು ನಿಮಿಷ ಆಡಿದರೆ ಗೊತ್ತಾಗುತ್ತೆ. ಆರ್‌ಪಿಜಿ ಹಾಗಲ್ಲ. ನೂರು ಗಂಟೆ ಬೇಕು. ಬಾಲ್ಡರ್ಸ್ ಗೇಟ್ 3ರಲ್ಲಿ ಕಥೆಯ ದೃಶ್ಯಗಳೇ ಒಟ್ಟು 174 ಗಂಟೆ ಇವೆ ಅಂತ ಕಂಪನಿ ಹೇಳಿತ್ತು. ಒಬ್ಬ ಆಟಗಾರ ಒಂದು ಸಲಕ್ಕೆ ಅದರಲ್ಲಿ ಒಂದು ಪಾಲು ಮಾತ್ರ ನೋಡುತ್ತಾನೆ. ಸಾವಿರಾರು ಕವಲುಗಳಲ್ಲಿ ಎಲ್ಲಿ ಕಥೆ ತಪ್ಪುತ್ತೆ, ಎಲ್ಲಿ ಆಟ ಬೇಜಾರಾಗುತ್ತೆ ಅನ್ನೋದನ್ನ ಕಂಪನಿಯೊಳಗಿನ ಪರೀಕ್ಷಕರೇ ಪೂರ್ತಿ ಹುಡುಕೋದು ಆಗದ ಮಾತು. ಹೊರಗಿನ ಜನ ಬೇಕೇ ಬೇಕು.

ಇನ್ನೊಂದು ಕಾರಣ ಭಯ. ಇಪ್ಪತ್ತು ವರ್ಷ ಕಾದ ಅಭಿಮಾನಿಯ ತಲೆಯಲ್ಲಿ ಆಟ ಆಗಲೇ ತಯಾರಾಗಿರುತ್ತೆ. ಹಳೆಯ ಎರಡು ಆಟಗಳಲ್ಲಿ ಹೊಡೆದಾಟ ನಿಲ್ಲದೆ ನಡೆಯುತ್ತಿತ್ತು, ಬೇಕಾದಾಗ ತಡೆದು ನಿಲ್ಲಿಸಬಹುದಿತ್ತು. ಮೂರನೆಯದರಲ್ಲಿ ಒಬ್ಬರಾದ ಮೇಲೆ ಒಬ್ಬರು ಸರದಿ ಪ್ರಕಾರ ಹೊಡೆಯಬೇಕು. 2020ರಲ್ಲಿ ಇದು ಗೊತ್ತಾದಾಗ ಹಳೇ ಅಭಿಮಾನಿಗಳಲ್ಲಿ ಒಂದು ದೊಡ್ಡ ಗುಂಪು ಸಿಟ್ಟಾಯಿತು. ಆಟ ಕೈಗೆ ಬರುವ ದಿನವೇ ಈ ಸಿಟ್ಟು ಎದುರಾಗಿದ್ದರೆ ಕಂಪನಿ ಏನೂ ಮಾಡುವ ಹಾಗಿರಲಿಲ್ಲ. ಮೂರು ವರ್ಷ ಮೊದಲೇ ಎದುರಾದ್ದರಿಂದ ಮಾತಾಡೋಕೆ, ತೋರಿಸೋಕೆ, ಒಪ್ಪಿಸೋಕೆ ಸಮಯ ಸಿಕ್ಕಿತು.

ಮೊದಲ ಹಂತ: ಜನರಿಂದಲೇ ಬಂಡವಾಳ

2012ರ ಹೊತ್ತಿಗೆ ಹಳೇ ಶೈಲಿಯ ಆರ್‌ಪಿಜಿಗಳಿಗೆ ದುಡ್ಡು ಹಾಕೋಕೆ ದೊಡ್ಡ ಪ್ರಕಾಶಕ ಕಂಪನಿಗಳು ಹಿಂದೇಟು ಹಾಕುತ್ತಿದ್ದವು. ಆಗ ಕೆಲವು ತಂಡಗಳು ಕಿಕ್‌ಸ್ಟಾರ್ಟರ್ ಅನ್ನುವ ತಾಣಕ್ಕೆ ಹೋದವು. ಇದನ್ನು ಕ್ರೌಡ್‌ಫಂಡಿಂಗ್ ಅಂತಾರೆ. ನಮಗೆ ಇಷ್ಟು ದುಡ್ಡು ಬೇಕು, ಇಂಥ ಆಟ ಮಾಡ್ತೀವಿ, ಕೊಡ್ತೀರಾ ಅಂತ ನೇರವಾಗಿ ಜನರನ್ನೇ ಕೇಳೋದು. ಕೇಳಿದ ಮೊತ್ತ ನಿಗದಿತ ದಿನದೊಳಗೆ ತುಂಬಿದರೆ ಮಾತ್ರ ಕೊಟ್ಟವರ ಕಾರ್ಡಿನಿಂದ ಹಣ ಹೋಗುತ್ತೆ, ತುಂಬದಿದ್ದರೆ ಯಾರ ದುಡ್ಡೂ ಹೋಗಲ್ಲ.

ಅಮೆರಿಕದ ಅಬ್ಸಿಡಿಯನ್ ಕಂಪನಿ ತನ್ನ ಪಿಲ್ಲರ್ಸ್ ಆಫ್ ಎಟರ್ನಿಟಿ ಆಟಕ್ಕೆ 2012ರಲ್ಲಿ 11 ಲಕ್ಷ ಡಾಲರ್ ಕೇಳಿತು. 73,986 ಜನ ಸೇರಿ ಸುಮಾರು 40 ಲಕ್ಷ ಡಾಲರ್ ಕೊಟ್ಟರು. ಮರು ವರ್ಷ ಲೇರಿಯನ್ ತನ್ನ ಡಿವಿನಿಟಿ: ಒರಿಜಿನಲ್ ಸಿನ್ ಆಟಕ್ಕೆ 4 ಲಕ್ಷ ಡಾಲರ್ ಕೇಳಿ 9 ಲಕ್ಷ 44 ಸಾವಿರ ಪಡೆಯಿತು. 2015ರಲ್ಲಿ ಅದರ ಎರಡನೇ ಭಾಗಕ್ಕೆ 5 ಲಕ್ಷ ಕೇಳಿದರೆ 20 ಲಕ್ಷಕ್ಕೂ ಜಾಸ್ತಿ ಬಂತು.

ಇಲ್ಲಿ ಗಮನಿಸಬೇಕಾದ್ದು ದುಡ್ಡಿಗಿಂತ ಜಾಸ್ತಿ ಸಂಬಂಧ. ದುಡ್ಡು ಕೊಟ್ಟವನು ಬರೀ ಗಿರಾಕಿ ಆಗಿ ಉಳಿಯಲ್ಲ, ಕೇಳುವ ಹಕ್ಕಿರುವವನಾಗ್ತಾನೆ. ಕೆಲಸ ಎಲ್ಲಿಗೆ ಬಂತು ಅಂತ ಕೇಳ್ತಾನೆ. ಹಾಗಾಗಿ ಕಂಪನಿ ಆಗಾಗ ಲೆಕ್ಕ ಒಪ್ಪಿಸಲೇಬೇಕು, ಈ ತಿಂಗಳು ಇಷ್ಟಾಯಿತು, ಇದು ಆಗಲಿಲ್ಲ, ಯಾಕೆ ಆಗಲಿಲ್ಲ ಅಂತ. ಲೇರಿಯನ್‌ಗೆ ಜನರ ಎದುರು ಕೆಲಸ ಮಾಡುವ ಅಭ್ಯಾಸ ಬಿದ್ದದ್ದು ಇಲ್ಲಿಂದ. ಆದರೆ ಒಂದು ಎಚ್ಚರಿಕೆ: ಕಿಕ್‌ಸ್ಟಾರ್ಟರ್ ಅಂಗಡಿಯಲ್ಲ. ಅಲ್ಲಿ ಕೊಡುವ ದುಡ್ಡು ಒಂದು ಪ್ರಯತ್ನಕ್ಕೆ ಕೊಡುವ ಬೆಂಬಲ. ಆಟ ನಿಂತೇ ಹೋದರೆ ಆ ದುಡ್ಡು ವಾಪಸ್ ಬರುತ್ತೆ ಅನ್ನುವ ಖಾತ್ರಿಯನ್ನು ಕಿಕ್‌ಸ್ಟಾರ್ಟರ್ ಕೊಡಲ್ಲ.

ಅರ್ಲಿ ಆಕ್ಸೆಸ್: ಅರ್ಧ ಆದಾಗಲೇ ಆಡಲು ಕೊಡೋದು

ಕಂಪ್ಯೂಟರ್ ಗೇಮ್ ಮಾರುವ ದೊಡ್ಡ ಅಂಗಡಿ ಸ್ಟೀಮ್. ಅದು 2013ರಲ್ಲಿ ಅರ್ಲಿ ಆಕ್ಸೆಸ್ ಅನ್ನುವ ವ್ಯವಸ್ಥೆ ತಂದಿತು. ಇನ್ನೂ ತಯಾರಾಗುತ್ತಿರುವ ಆಟವನ್ನು ಇದು ಅಪೂರ್ಣ ಅಂತ ಮೊದಲೇ ಹೇಳಿ ಮಾರಬಹುದು. ಒಂದು ಸಲ ಕೊಂಡವರಿಗೆ ಆಟ ಬೆಳೆದ ಹಾಗೆ ಹೊಸ ಭಾಗಗಳು ಸಿಗುತ್ತಾ ಹೋಗುತ್ತವೆ.

ಇದರ ಪಕ್ಕದಲ್ಲೇ ಓಡಾಡುವ ಇನ್ನೆರಡು ಪದಗಳಿವೆ, ಗೊಂದಲ ಬೇಡ. ಬೀಟಾ ಅಂದ್ರೆ ಬಹುಪಾಲು ಮುಗಿದ ಆಟವನ್ನು ಕೆಲವು ದಿನ ಜನರಿಗೆ ಕೊಟ್ಟು ಪರೀಕ್ಷೆ ಮಾಡೋದು. ಪ್ರೀ ಆರ್ಡರ್ ಅಂದ್ರೆ ಆಟ ಬರುವ ಮುಂಚೆ ದುಡ್ಡು ಕಟ್ಟಿ ಕಾಯ್ದಿರಿಸೋದು, ಬಿಡುಗಡೆಯ ತನಕ ಆಡೋಕೆ ಸಾಮಾನ್ಯವಾಗಿ ಏನೂ ಸಿಗಲ್ಲ.

ನಮ್ಮಲ್ಲಿ ಎಷ್ಟೋ ಜನ ಕೆಳಮನೆ ಮುಗಿದ ಕೂಡಲೇ ವಾಸಕ್ಕೆ ಬಂದುಬಿಡ್ತಾರೆ, ಮೇಲೆ ಇನ್ನೂ ಗಾರೆ ಕೆಲಸ ನಡೀತಾನೇ ಇರುತ್ತೆ. ವಾಸ ಇದ್ದವರಿಗೆ ತಾನೇ ಗೊತ್ತಾಗೋದು, ಅಡುಗೆಮನೆಗೆ ಬೆಳಕು ಸಾಲದು, ಸ್ವಿಚ್ಚು ಕೈಗೆ ಎಟುಕಲ್ಲ, ಮಳೆ ನೀರು ಒಳಗೆ ಬರುತ್ತೆ ಅಂತ. ಅದನ್ನ ಮೇಸ್ತ್ರಿಗೆ ಹೇಳಿದರೆ ಮೇಲ್ಮನೆಯಲ್ಲಿ ಆ ತಪ್ಪು ಆಗಲ್ಲ, ಕೆಳಗಿನದ್ದೂ ಆದಷ್ಟು ಸರಿಹೋಗುತ್ತೆ. ಆದರೆ ಪಿಲ್ಲರ್ ಈ ಕಡೆ ಸರಿಸಿ ಅಂದ್ರೆ ಆಗಲ್ಲ. ಅರ್ಲಿ ಆಕ್ಸೆಸ್ ಕೂಡ ಅಷ್ಟೇ. ಕೆಲವನ್ನು ಬದಲಾಯಿಸಬಹುದು, ಕೆಲವನ್ನು ಬದಲಾಯಿಸುವ ಕಾಲ ಆಗಲೇ ದಾಟಿರುತ್ತೆ.

ಬಾಲ್ಡರ್ಸ್ ಗೇಟ್ 3 ಅರ್ಲಿ ಆಕ್ಸೆಸ್‌ಗೆ ಬಂದದ್ದು 2020ರ ಅಕ್ಟೋಬರ್ 6ರಂದು. ಕೊಟ್ಟದ್ದು ಮೂರು ಅಂಕಗಳ ಕಥೆಯಲ್ಲಿ ಮೊದಲನೇ ಅಂಕ ಮಾತ್ರ. ಆದರೂ ಬೆಲೆ ಪೂರ್ತಿ, ಅಮೆರಿಕದಲ್ಲಿ 60 ಡಾಲರ್, ನಮ್ಮಲ್ಲಿ 2,999 ರೂಪಾಯಿ. ಅದಕ್ಕೇ ಕಂಪನಿಯ ಮುಖ್ಯಸ್ಥ ಸ್ವೆನ್ ವಿಂಕ ಮೊದಲೇ ಹೇಳಿಬಿಟ್ಟಿದ್ದರು, ನಯವಾದ ಪೂರ್ತಿ ಆಟ ಬೇಕು ಅನ್ನುವವರು ಈಗ ಕೊಳ್ಳಬೇಡಿ ಅಂತ. ಮಾರುವವರೇ ಕೊಳ್ಳಬೇಡಿ ಅಂದದ್ದು ಎಷ್ಟು ದೊಡ್ಡ ವಿಷಯ ಅಂತ ಮುಂದೆ ಸೈಬರ್‌ಪಂಕ್ ಕಥೆ ಓದಿದಾಗ ಗೊತ್ತಾಗುತ್ತೆ. ಹೀಗಂದರೂ ಅರ್ಲಿ ಆಕ್ಸೆಸ್ ಶುರುವಾದ ಸ್ವಲ್ಪ ದಿನದಲ್ಲೇ ಹತ್ತು ಲಕ್ಷಕ್ಕೂ ಜಾಸ್ತಿ ಪ್ರತಿ ಖರ್ಚಾದವು.

ಆಮೇಲೆ ಕೆಲವು ತಿಂಗಳಿಗೊಮ್ಮೆ ದೊಡ್ಡ ಅಪ್‌ಡೇಟ್. ಹಲವದರಲ್ಲಿ ಪಾತ್ರಕ್ಕೆ ಆರಿಸಿಕೊಳ್ಳಬಹುದಾದ ಹೊಸ ಕಸುಬು ಸೇರುತ್ತಿತ್ತು. 2021ರ ಫೆಬ್ರವರಿಯಲ್ಲಿ ಪ್ರಾಣಿರೂಪ ತಾಳಬಲ್ಲ ಡ್ರೂಯಿಡ್ ಬಂತು, ಅಕ್ಟೋಬರ್‌ನಲ್ಲಿ ಸಾರ್ಸರರ್, 2022ರಲ್ಲಿ ಬಾರ್ಬೇರಿಯನ್, ಹಾಡುಗಾರ ಬಾರ್ಡ್, ವರ್ಷದ ಕೊನೆಗೆ ಪ್ಯಾಲಡಿನ್. ಪ್ರತಿ ಅಪ್‌ಡೇಟ್ ಬಂದಾಗಲೂ ಜನ ಮತ್ತೆ ಮೊದಲಿಂದ ಆಡಬೇಕಾಗುತ್ತಿತ್ತು, ಯಾಕಂದ್ರೆ ಅಲ್ಲಿಯ ತನಕ ಸೇವ್ ಮಾಡಿಟ್ಟ ಆಟ ಹೊಸ ಅಪ್‌ಡೇಟ್ ಜೊತೆ ಓಡದೇ ಇರಬಹುದಿತ್ತು. ಹೊರಗಿನವರಿಗೆ ಇದು ಹಿಂಸೆ ಅನ್ನಿಸುತ್ತೆ. ಅಭಿಮಾನಿಗಳು ಸುಮ್ನೆ ಹೊಸ ಪಾತ್ರ ಮಾಡಿಕೊಂಡು ಮತ್ತೆ ಶುರು ಮಾಡುತ್ತಿದ್ದರು.

ಕೇಳೋದು ಅಂದ್ರೆ ನಿಜವಾಗಿ ಏನು?

ಲಕ್ಷಾಂತರ ಜನ ಹೇಳಿದ್ದನ್ನು ಯಾರೂ ಕೂತು ಒಂದೊಂದಾಗಿ ಓದಿ ಪಾಲಿಸೋಕೆ ಆಗಲ್ಲ. ಹಾಗಾದ್ರೆ ಕೇಳೋದು ಹೇಗೆ? ಎರಡು ದಾರಿ ಇವೆ.

ಒಂದು, ಜನ ಬಾಯಿಬಿಟ್ಟು ಹೇಳೋದು. ಡಿಸ್ಕಾರ್ಡ್, ರೆಡ್ಡಿಟ್‌ನಂಥ ಚರ್ಚೆಯ ತಾಣಗಳು, ಯೂಟ್ಯೂಬ್, ಸ್ಟೀಮ್ ವಿಮರ್ಶೆ, ಆಟದೊಳಗಿಂದಲೇ ಕಳಿಸುವ ದೂರು. ಇವನ್ನೆಲ್ಲ ನೋಡಿಕೊಳ್ಳೋಕೆ ಕಮ್ಯುನಿಟಿ ಮ್ಯಾನೇಜರ್ ಅನ್ನುವ ಹುದ್ದೆಯವರು ಇರ್ತಾರೆ. ಬಂದ ಮಾತುಗಳನ್ನು ಅವರು ವಿಷಯವಾರು ವಿಂಗಡಿಸಿ, ಯಾವುದು ಹತ್ತು ಜನರ ಗಲಾಟೆ, ಯಾವುದು ಹತ್ತು ಸಾವಿರ ಜನರ ತೊಂದರೆ ಅಂತ ಅಳೆದು ತಂಡದ ಮುಂದೆ ಇಡ್ತಾರೆ.

ಇನ್ನೊಂದು, ಜನ ಹೇಳದೇ ತಿಳಿಯೋದು. ಆಟ ಆಡುವಾಗ ಯಾವ ಜಾಗದಲ್ಲಿ ಎಷ್ಟು ಜನ ಸತ್ತರು, ಯಾವ ಬಾಗಿಲನ್ನು ಯಾರೂ ತೆರೆಯಲೇ ಇಲ್ಲ, ಯಾವ ಮಾತನ್ನು ಎಷ್ಟು ಜನ ಆರಿಸಿದರು, ಎಲ್ಲಿ ಬಿಟ್ಟು ಎದ್ದರು ಅನ್ನುವ ಅಂಕಿ ಅಂಶ ಕಂಪನಿಗೆ ಹೋಗುತ್ತೆ. ಇದಕ್ಕೆ ಟೆಲಿಮೆಟ್ರಿ ಅಂತ ಹೆಸರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಸತ್ಯ ಹೊರಬರೋದು, ಯಾಕಂದ್ರೆ ಜನ ಹೇಳೋದೇ ಒಂದು, ಮಾಡೋದೇ ಒಂದು. ಅರ್ಲಿ ಆಕ್ಸೆಸ್ ಶುರುವಾದ ಹೊಸದರಲ್ಲಿ, ಜನ ತಮ್ಮ ಪಾತ್ರವನ್ನು ಹೇಗೆ ರೂಪಿಸಿಕೊಂಡರು ಅಂತ ಲೇರಿಯನ್ ಲೆಕ್ಕ ತೆಗೆದು ಪ್ರಕಟಿಸಿತು. ಕೊಂಬು, ಬಾಲ, ರಾಕ್ಷಸರ ಕಣ್ಣು ಎಲ್ಲ ಕೊಟ್ಟಿದ್ದರೂ, ಹೆಚ್ಚು ಜನ ಆರಿಸಿದ್ದನ್ನೆಲ್ಲ ಸೇರಿಸಿದಾಗ ಸಿಕ್ಕಿದ್ದು ತೀರಾ ಸಾದಾ ಮನುಷ್ಯನ ಮುಖ. ಕಂಪನಿ ಅದನ್ನು ಮುಚ್ಚಿಡದೆ ನಗುತ್ತಲೇ ಹೇಳಿಕೊಂಡಿತು. ನಿಮ್ಮನ್ನು ನೋಡ್ತಾ ಇದೀವಿ, ನೋಡಿದ್ದನ್ನ ನಿಮಗೂ ತೋರಿಸ್ತೀವಿ ಅನ್ನುವ ಈ ಧೋರಣೆ ನನಗೆ ತುಂಬಾ ಹಿಡಿಸಿತು. ಅಂಕಿ ಅಂಶ ಸಂಗ್ರಹಿಸುವ ಕಂಪನಿಗಳು ಬೇಕಾದಷ್ಟಿವೆ, ತೋರಿಸುವವರು ಕಡಿಮೆ.

ದಾಳ, ಬೆಂಕಿ ಮತ್ತು ವಿಲ್

ಹೇಳಿದ್ದು ಹೇಗೆ ಬದಲಾವಣೆ ಆಗುತ್ತೆ ಅನ್ನೋದಕ್ಕೆ ಒಂದೆರಡು ಉದಾಹರಣೆ ಹತ್ತಿರದಿಂದ ನೋಡೋಣ.

ಮೊದಲು ದಾಳ. ಆಟದಲ್ಲಿ ಪ್ರತಿ ಏಟಿಗೂ ಇಪ್ಪತ್ತು ಮುಖದ ದಾಳ ಉರುಳುತ್ತೆ. ಏಟು ತಾಗುವ ಸಾಧ್ಯತೆ ಶೇ. 65 ಅಂತ ತೆರೆಯ ಮೇಲೆ ಕಾಣಿಸಿತು ಅಂದುಕೊಳ್ಳಿ. ಮೂರು ಸಲ ಹೊಡೆದರೂ ಮೂರೂ ಗುರಿ ತಪ್ಪಿತು. ಆಟಗಾರನಿಗೆ ಆಟವೇ ಮೋಸ ಮಾಡಿದ ಹಾಗೆ ಅನ್ನಿಸುತ್ತೆ. ಲೆಕ್ಕ ಹಾಕಿದರೆ ಮೂರೂ ತಪ್ಪುವ ಸಾಧ್ಯತೆ ಸುಮಾರು ಶೇ. 4. ಕಡಿಮೆಯೇ, ಆದರೆ ಹತ್ತು ಲಕ್ಷ ಜನ ಆಡುವಾಗ ಪ್ರತಿ ದಿನ ಸಾವಿರಾರು ಜನರಿಗೆ ಇದು ಆಗೇ ಆಗುತ್ತೆ, ಅವರೆಲ್ಲ ಬಂದು ದೂರು ಬರೀತಾರೆ. ದಾಳದ ತಪ್ಪೇನಿಲ್ಲ, ಜನರ ಬೇಸರವೂ ಸುಳ್ಳಲ್ಲ. ಲೇರಿಯನ್ ಮಾಡಿದ್ದೇನು? ದುರದೃಷ್ಟ ಸಾಲಾಗಿ ಬರದ ಹಾಗೆ ದಾಳವನ್ನು ಸ್ವಲ್ಪ ಹದ ಮಾಡುವ ಒಂದು ಆಯ್ಕೆ ಕೊಟ್ಟಿತು. ಬೇಕಾದವರು ಹಾಕಿಕೊಳ್ಳಬಹುದು, ಶುದ್ಧ ಅದೃಷ್ಟವೇ ಬೇಕು ಅನ್ನುವವರು ತೆಗೆಯಬಹುದು. ಮುಗಿದ ಆಟದಲ್ಲಿ ಇದಕ್ಕೆ ಕಾರ್ಮಿಕ್ ಡೈಸ್, ಅಂದ್ರೆ ಕರ್ಮದ ದಾಳ, ಅಂತ ಹೆಸರಿಟ್ಟರು.

ಆಮೇಲೆ ಬೆಂಕಿ. ಲೇರಿಯನ್‌ನ ಹಿಂದಿನ ಆಟಗಳಲ್ಲಿ ನೆಲಕ್ಕೆ ಬೆಂಕಿ ಹತ್ತೋದು, ಎಣ್ಣೆ ಹರಡೋದು, ನೀರಿಗೆ ಕರೆಂಟ್ ಹರಿಯೋದು ಎಲ್ಲ ಜಾಸ್ತಿ. ಅದೇ ಚಾಳಿ ಇಲ್ಲಿಗೂ ಬಂದಿತ್ತು. ತೀರಾ ಸಣ್ಣ ಬೆಂಕಿ ಮಂತ್ರ ಬಿಟ್ಟರೂ ನೆಲ ಹೊತ್ತಿಕೊಳ್ಳುತ್ತಿತ್ತು. ಮೇಜಿನ ಆಟದ ನಿಯಮ ಬಲ್ಲವರು ಇದನ್ನು ಒಪ್ಪಲಿಲ್ಲ. ನಮಗೆ ಬೇಕಾದ್ದು ಬಾಲ್ಡರ್ಸ್ ಗೇಟ್, ನಿಮ್ಮ ಹಳೇ ಆಟವೇ ಬೇರೆ ಹೆಸರಲ್ಲಿ ಬೇಡ ಅನ್ನುವುದು ಅವರ ವಾದದ ಸಾರ. ಮುಂದಿನ ಅಪ್‌ಡೇಟ್‌ಗಳಲ್ಲಿ ಸಣ್ಣ ಮಂತ್ರಗಳಿಂದ ನೆಲ ಹೊತ್ತಿಕೊಳ್ಳೋದು ನಿಂತಿತು.

ದೊಡ್ಡ ಬದಲಾವಣೆ ವಿಲ್ ಅನ್ನುವ ಪಾತ್ರದ್ದು. ನಿಮ್ಮ ಜೊತೆ ಪಯಣಿಸುವ ಗೆಳೆಯರಲ್ಲಿ ಇವನೂ ಒಬ್ಬ. ಅರ್ಲಿ ಆಕ್ಸೆಸ್‌ನಲ್ಲಿ ಇವನು ಉಳಿದವರಷ್ಟು ಜನರ ಮನಸ್ಸಿಗೆ ನಾಟಲಿಲ್ಲ. ಲೇರಿಯನ್ ಅವನ ಕಥೆಯನ್ನೇ ಬೇರೆ ಬರೆಸಿ, ಧ್ವನಿಗೂ ಹೊಸ ನಟನನ್ನು ತಂದಿತು. ಇದು ಎಷ್ಟು ಖರ್ಚಿನ ಕೆಲಸ ನೋಡಿ. ಈ ಆಟದಲ್ಲಿ ಪಾತ್ರಗಳ ಮಾತನ್ನು ಸುಮ್ನೆ ಸ್ಟುಡಿಯೋದಲ್ಲಿ ಓದಿಸಿಲ್ಲ, ನಟರ ಚಲನೆಯನ್ನೂ ಮೈಮೇಲೆ ಸೆನ್ಸರ್ ಹಾಕಿ ದಾಖಲಿಸಿದ್ದಾರೆ. ಒಂದು ಪಾತ್ರ ಬದಲಾದರೆ ಬರಹ, ನಟನೆ, ಅನಿಮೇಷನ್, ಬೇರೆ ಬೇರೆ ಭಾಷೆಯ ಅನುವಾದ ಎಲ್ಲವೂ ಮತ್ತೆ. ಬಿಡುಗಡೆ ಆದ ಮೇಲೆ ಇದನ್ನು ಮಾಡೋದು ಹೆಚ್ಚು ಕಡಿಮೆ ಅಸಾಧ್ಯ.

ಹೇಳಿದ್ದನ್ನೆಲ್ಲ ಮಾಡಿದರು ಅಂತ ಅಲ್ಲ. ಸರದಿ ಪ್ರಕಾರದ ಹೊಡೆದಾಟ ಹಾಗೇ ಉಳಿಯಿತು. ಜೊತೆಗಾರರೆಲ್ಲ ಒರಟರು, ಒಬ್ಬರಿಗೂ ಒಳ್ಳೇ ಮಾತಾಡೋಕೆ ಬರಲ್ಲ ಅಂತ ಜನ ದೂರಿದಾಗ ಕಂಪನಿ ಕಾರಣ ಹೇಳಿತು: ಕೆಟ್ಟ ದಾರಿಯ ಕಥೆಯನ್ನು ಜನ ಸಾಮಾನ್ಯವಾಗಿ ಆಡೋದೇ ಇಲ್ಲ, ಅದನ್ನು ಪರೀಕ್ಷೆ ಮಾಡಿಸಬೇಕು ಅಂತಲೇ ಅಂಥ ಪಾತ್ರಗಳನ್ನು ಮೊದಲು ಕೊಟ್ಟಿದ್ದೀವಿ, ಒಳ್ಳೆಯವರು ಆಮೇಲೆ ಬರ್ತಾರೆ. ಮಾಡಲ್ಲ ಅನ್ನೋದನ್ನೂ ಕಾರಣ ಸಮೇತ ಹೇಳಿದರೆ ಜನ ಬಹಳ ಮಟ್ಟಿಗೆ ಒಪ್ಪಿಕೊಳ್ತಾರೆ. ಉತ್ತರವೇ ಬರದಿದ್ದಾಗ ಸಿಟ್ಟು ಬೆಳೆಯುತ್ತೆ.

ತೋರಿಸೋದು ಎಷ್ಟು, ಬಚ್ಚಿಡೋದು ಎಷ್ಟು?

ಆರ್‌ಪಿಜಿಯಲ್ಲಿ ಕಥೆಯೇ ಜೀವ. ಎಲ್ಲ ಮೊದಲೇ ತೋರಿಸಿದರೆ ಬಿಡುಗಡೆ ದಿನ ಉಳಿಯೋದೇನು? ಲೇರಿಯನ್ ಇದಕ್ಕೆ ಸರಳ ಉಪಾಯ ಮಾಡಿತು. ಮೊದಲ ಅಂಕ ಮಾತ್ರ ತೆರೆದಿಟ್ಟು, ಉಳಿದೆರಡನ್ನು ಬಾಗಿಲು ಹಾಕಿ ಮಾಡಿತು.

ಇದರ ಫಲ ಮುಗಿದ ಆಟದಲ್ಲೇ ಕಾಣುತ್ತೆ. ಮೊದಲ ಅಂಕ ಅಚ್ಚುಕಟ್ಟು ಅಂತ ಎಲ್ಲರೂ ಹೊಗಳಿದರು. ಮೂರನೇ ಅಂಕಕ್ಕೆ ಬಂದಾಗ ಆಟ ನಿಧಾನ ಆಗುತ್ತೆ, ಕೆಲವು ಎಳೆಗಳು ಅರ್ಧಕ್ಕೆ ನಿಂತಿವೆ ಅನ್ನುವ ದೂರು ಬಂದವು. ಮೂರು ವರ್ಷ ಲಕ್ಷಾಂತರ ಜನ ತಿಕ್ಕಿ ನೋಡಿದ ಭಾಗಕ್ಕೂ, ಹೊರಗಿನವರ ಕೈ ಸೋಕದ ಭಾಗಕ್ಕೂ ಇರುವ ವ್ಯತ್ಯಾಸ ಇದು. ಆಮೇಲಿನ ಅಪ್‌ಡೇಟ್‌ಗಳಲ್ಲಿ ಅವನ್ನೂ ಸರಿಮಾಡಿದರು. ಕಾರ್ಲಾಕ್ ಅನ್ನುವ ಪಾತ್ರಕ್ಕೆ ಹೊಸ ಮುಕ್ತಾಯ ಬಂತು. 2023ರ ನವೆಂಬರ್ ಕೊನೆಗೆ ಇಡೀ ಕಥೆಗೇ ಒಂದು ಉಪಸಂಹಾರ ಸೇರಿತು. ಎರಡೂ ಅಭಿಮಾನಿಗಳು ಕೇಳಿ ಪಡೆದದ್ದು.

ತೋರಿಸುವ ರೀತಿಯೂ ಮುಖ್ಯ. 2020ರ ಫೆಬ್ರವರಿಯಲ್ಲಿ ಬಾಸ್ಟನ್‌ನ ಪ್ಯಾಕ್ಸ್ ಈಸ್ಟ್ ಮೇಳದಲ್ಲಿ ಸ್ವೆನ್ ವಿಂಕ ವೇದಿಕೆ ಮೇಲೆ ಕೂತು, ತಯಾರಾಗುತ್ತಿದ್ದ ಆಟವನ್ನು ಎಲ್ಲರ ಎದುರು ತಾವೇ ಆಡಿದರು. ಆಟ ಅಲ್ಲಲ್ಲಿ ಕೈಕೊಟ್ಟಿತು, ಹೊಡೆದಾಟದಲ್ಲಿ ಅವರ ತಂಡ ಸೋತಿತು. ಅಲ್ಲಿದ್ದವರು ಅದನ್ನೂ ನೋಡಿದರು. ಮುಂದೆ ದೊಡ್ಡ ಅಪ್‌ಡೇಟ್‌ಗಳಿಗೆ ಪ್ಯಾನೆಲ್ ಫ್ರಮ್ ಹೆಲ್ ಅನ್ನುವ ನೇರಪ್ರಸಾರ ಮಾಡುತ್ತಿದ್ದರು. ಆಟ ಆಡೋದನ್ನ ನೇರಪ್ರಸಾರ ಮಾಡುವ ಟ್ವಿಚ್ ಅನ್ನುವ ತಾಣದಲ್ಲಿ ಒಬ್ಬ ಆಡುತ್ತಿರುವಾಗ ನೋಡುವವರು ವೋಟು ಹಾಕಿ ಪಾತ್ರ ಏನು ಮಾತಾಡಬೇಕು ಅಂತ ನಿರ್ಧರಿಸುವ ಸೌಲಭ್ಯವನ್ನೂ ಕೊಟ್ಟರು. ಆಟ ಕೊಳ್ಳದವನೂ ಇದರಿಂದ ಒಳಗೆ ಸೇರಿಕೊಂಡ.

ಉಲ್ಟಾ ಹೊಡೆದದ್ದು: ಸೈಬರ್‌ಪಂಕ್ 2077

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಈ ಆರ್‌ಪಿಜಿಯನ್ನು ಘೋಷಿಸಿದ್ದು 2012ರಲ್ಲಿ. 2018ರಲ್ಲಿ 48 ನಿಮಿಷದ ಆಟದ ವಿಡಿಯೋ ಬಿಟ್ಟರು. 2019ರ ಜೂನ್‌ನಲ್ಲಿ ನಟ ಕಿಯಾನು ರೀವ್ಸ್ ವೇದಿಕೆಗೆ ಬಂದಾಗ ಸಭೆ ಕೇಕೆ ಹಾಕಿತು. ಅಭಿಮಾನಿಗಳ ಜೊತೆ ಮಾತುಕತೆಗೆ ಇಲ್ಲೂ ಕೊರತೆ ಇರಲಿಲ್ಲ, ವಿಡಿಯೋ, ನೇರಪ್ರಸಾರ, ಟ್ವೀಟ್ ಎಲ್ಲ ಧಾರಾಳ. ಆದರೆ ಆ ಮಾತು ಬಹುಪಾಲು ಒಂದೇ ಕಡೆಯಿಂದ ಹರಿಯುತ್ತಿತ್ತು. ಆಟ ಮಾತ್ರ ಜನರ ಕೈಗೆ ಬರಲಿಲ್ಲ.

ಬಿಡುಗಡೆ ದಿನಾಂಕ 2020ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ಗೆ, ಅಲ್ಲಿಂದ ನವೆಂಬರ್‌ಗೆ, ಮತ್ತೆ ಡಿಸೆಂಬರ್ 10ಕ್ಕೆ ಹೋಯಿತು. ಕೊನೆಯ ಸಲ ಮುಂದೂಡಿದಾಗ ಕೆಲಸಗಾರರಿಗೆ ಕೊಲೆ ಬೆದರಿಕೆ ಬಂದವು. ವಿಮರ್ಶಕರಿಗೆ ಮೊದಲು ಕೊಟ್ಟದ್ದು ಕಂಪ್ಯೂಟರ್‌ನ ಪ್ರತಿ ಮಾತ್ರ, ಅದೂ ಬಿಡುಗಡೆಗೆ ಮುಂಚೆ ತಾವು ಆಡಿದ ದೃಶ್ಯ ತೋರಿಸಬಾರದು ಅನ್ನುವ ಷರತ್ತಿನ ಮೇಲೆ. ಟಿವಿಗೆ ಜೋಡಿಸಿ ಆಡುವ ಹಳೆಯ ಯಂತ್ರಗಳಾದ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್‌ಗಳಲ್ಲಿ ಆಟ ಹೇಗೆ ಓಡುತ್ತೆ ಅಂತ ಜನರಿಗೆ ಗೊತ್ತಾದದ್ದು ಕೊಂಡ ಮೇಲೆ. ಆ ಹೊತ್ತಿಗೆ 80 ಲಕ್ಷ ಜನ ಪ್ರೀ ಆರ್ಡರ್ ಮಾಡಿಯಾಗಿತ್ತು. ಹಳೇ ಯಂತ್ರಗಳಲ್ಲಿ ಆಟ ತಡವರಿಸಿತು, ಮತ್ತೆ ಮತ್ತೆ ನಿಂತುಹೋಯಿತು. ನಾಲ್ಕೇ ದಿನದಲ್ಲಿ ಕಂಪನಿ ಕ್ಷಮೆ ಕೇಳಿತು. ಹಳೇ ಯಂತ್ರದ ಆಟವನ್ನು ಮೊದಲೇ ತೋರಿಸಬೇಕಿತ್ತು ಅಂತ ಒಪ್ಪಿಕೊಂಡಿತು. ಒಂದು ವಾರ ಕಳೆಯುತ್ತಲೇ ಸೋನಿ ಅದನ್ನು ತನ್ನ ಪ್ಲೇಸ್ಟೇಷನ್ ಸ್ಟೋರ್‌ನಿಂದ ತೆಗೆಯಿತು. ವಾಪಸ್ ಬಂದದ್ದು 2021ರ ಜೂನ್‌ನಲ್ಲಿ.

ಎರಡು ಆಟಗಳ ನಡುವಿನ ವ್ಯತ್ಯಾಸ ಪ್ರಚಾರದ ಖರ್ಚಿನಲ್ಲಾಗಲಿ, ಅಭಿಮಾನಿಗಳ ಸಂಖ್ಯೆಯಲ್ಲಾಗಲಿ ಇರಲಿಲ್ಲ. ತಿದ್ದುವ ಕಾಲದಲ್ಲಿ ಆಟ ಯಾರ ಕೈಯಲ್ಲಿತ್ತು ಅನ್ನೋದರಲ್ಲಿತ್ತು. ಸೈಬರ್‌ಪಂಕ್‌ ಅನ್ನು ಆಮೇಲೆ ವರ್ಷಗಟ್ಟಲೆ ದುಡಿದು ಸರಿಮಾಡಿದರು, 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ಹೊತ್ತಿಗೆ ಅದು ನಿಜಕ್ಕೂ ಒಳ್ಳೆಯ ಆಟವಾಯಿತು. ಆ ತಿದ್ದುಪಡಿ ನಡೆದದ್ದು ಪೂರ್ತಿ ಆಟ ಅಂತ ನಂಬಿ ದುಡ್ಡು ಕೊಟ್ಟವರ ಎದುರು.

ಬಾಲ್ಡರ್ಸ್ ಗೇಟ್ 3 ಪೂರ್ತಿಯಾಗಿ ಬಂದದ್ದು 2023ರ ಆಗಸ್ಟ್ 3ರಂದು. ಮೊದಲು ಹೇಳಿದ ದಿನಾಂಕ ಆಗಸ್ಟ್ 31, ಅದಕ್ಕಿಂತ ನಾಲ್ಕು ವಾರ ಮುಂಚೆಯೇ ಬಂತು! ಅದೇ ತಿಂಗಳು ಸ್ಟೀಮ್‌ನಲ್ಲಿ ಒಂದೇ ಹೊತ್ತಿಗೆ 8,75,343 ಜನ ಆಡುತ್ತಿದ್ದ ದಾಖಲೆ ಇದೆ. ವರ್ಷದ ಕೊನೆಗೆ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಪ್ರಶಸ್ತಿಯೂ ಸಿಕ್ಕಿತು. ಅರ್ಲಿ ಆಕ್ಸೆಸ್‌ನಲ್ಲಿ ಕೊಂಡವರು ಮತ್ತೆ ಒಂದು ರೂಪಾಯಿ ಕೊಡಬೇಕಾಗಿರಲಿಲ್ಲ, ಡಿಲಕ್ಸ್ ಆವೃತ್ತಿಯ ಹೆಚ್ಚುವರಿ ಸಾಮಗ್ರಿ ಉಚಿತವಾಗಿ ಬಂತು.

ಈ ದಾರಿಯ ಕಷ್ಟಗಳು

ಎಲ್ಲ ಕಂಪನಿಗೂ ಇದು ಆಗಿಬರಲ್ಲ. ಮೊದಲೇ ಆಡಲು ಬರುವವರು ಕಟ್ಟಾ ಅಭಿಮಾನಿಗಳು, ಅವರಿಗೆ ಕಷ್ಟದ ಆಟ ಇಷ್ಟ. ಅವರ ಮಾತನ್ನೇ ಕೇಳುತ್ತಾ ಹೋದರೆ ಹೊಸಬರು ಮೊದಲ ಗಂಟೆಯಲ್ಲೇ ಸೋತು ಎದ್ದುಹೋಗ್ತಾರೆ. ಹಾಗಾಗಿ ಮಾತಾಡದವರನ್ನು ಟೆಲಿಮೆಟ್ರಿಯಲ್ಲಿ ಹುಡುಕಬೇಕು. ಇನ್ನು ಅರ್ಲಿ ಆಕ್ಸೆಸ್‌ನಲ್ಲೇ ಸತ್ತ ಆಟಗಳೂ ಬೇಕಾದಷ್ಟಿವೆ. ದುಡ್ಡು ಮುಗಿಯುತ್ತೆ, ತಂಡ ಒಡೆಯುತ್ತೆ, ಅಪ್‌ಡೇಟ್ ನಿಲ್ಲುತ್ತೆ, ಕೊಂಡವರ ಕೈಯಲ್ಲಿ ಅರ್ಧ ಆಟ ಉಳಿಯುತ್ತೆ.

ಬೈಗುಳದ ವಿಷಯವನ್ನೂ ಹೇಳಲೇಬೇಕು. ಆಟ ಮಾಡುವವರು ಜನರಿಗೆ ಹತ್ತಿರ ಆದಷ್ಟೂ ಬೈಗುಳವೂ ನೇರವಾಗಿ ಅವರ ಫೋನಿಗೇ ಬರುತ್ತೆ. ಅದನ್ನು ದಿನಾ ಓದುವ ಕೆಲಸ ಕಮ್ಯುನಿಟಿ ಮ್ಯಾನೇಜರ್‌ದು, ಮತ್ತು ಆಟದ ಯಾವ ತೀರ್ಮಾನವೂ ಸಾಮಾನ್ಯವಾಗಿ ಅವರ ಕೈಯಲ್ಲಿರಲ್ಲ. ಆಟದ ಬಗ್ಗೆ ಎಷ್ಟು ಬೇಕಾದರೂ ಕಟುವಾಗಿ ಬರೆಯಿರಿ, ಅದು ಅವರಿಗೆ ಉಪಯೋಗಕ್ಕೆ ಬರುತ್ತೆ. ಮನುಷ್ಯರ ಮೇಲೆ ಬರೆದದ್ದು ಯಾರಿಗೂ ಬರಲ್ಲ.

ದುಡ್ಡು ಕೊಡುವ ಮುಂಚೆ ಏನು ನೋಡಬೇಕು?

ಸ್ಟೀಮ್‌ನಲ್ಲಿ ಪ್ರತಿ ಅರ್ಲಿ ಆಕ್ಸೆಸ್ ಆಟದ ಪುಟದಲ್ಲೂ ಕಂಪನಿ ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದಿರಲೇಬೇಕು. ಯಾಕೆ ಅರ್ಲಿ ಆಕ್ಸೆಸ್? ಎಷ್ಟು ದಿನ? ಪೂರ್ತಿ ಆಟ ಇದಕ್ಕಿಂತ ಹೇಗೆ ಬೇರೆ? ಈಗ ಆಟ ಯಾವ ಸ್ಥಿತಿಯಲ್ಲಿದೆ? ಆಮೇಲೆ ಬೆಲೆ ಬದಲಾಗುತ್ತಾ? ಆಡುವವರನ್ನು ತಯಾರಿಯಲ್ಲಿ ಹೇಗೆ ಸೇರಿಸಿಕೊಳ್ತೀರಿ? ಮಕ್ಕಳು ಕೇಳಿದಾಗ ಈ ಪುಟವನ್ನು ಜೊತೆಗೆ ಕೂತು ಓದಿ. ಈಗ ಯಾವ ಸ್ಥಿತಿಯಲ್ಲಿದೆ ಅನ್ನುವ ಉತ್ತರ ಸ್ಪಷ್ಟವಾಗಿದ್ದು, ಕೆಳಗಿನ ಅಪ್‌ಡೇಟ್‌ಗಳ ಪಟ್ಟಿಯಲ್ಲಿ ಕಳೆದ ಎರಡು ಮೂರು ತಿಂಗಳಲ್ಲಿ ಏನಾದರೂ ಕೆಲಸ ಆಗಿದ್ದರೆ ಒಳ್ಳೆಯ ಲಕ್ಷಣ. ಮುಂದೆ ಏನೇನೋ ಬರುತ್ತೆ ಅನ್ನುವ ಮಾತನ್ನು ನಂಬಿ ಕೊಳ್ಳಬೇಡಿ, ಇವತ್ತು ಇರುವಷ್ಟಕ್ಕೆ ಆ ಬೆಲೆ ಸರಿಯಾ ಅಂತ ನೋಡಿ. ಎಷ್ಟು ದಿನ ಅನ್ನುವ ಉತ್ತರವನ್ನು ಅಂದಾಜು ಅಂತಲೇ ತಿಳಿಯಿರಿ, ಬಾಲ್ಡರ್ಸ್ ಗೇಟ್ 3 ಕೂಡ ಸುಮಾರು ಒಂದು ವರ್ಷದ ಅಂದಾಜಿನಲ್ಲಿ ಶುರುವಾಗಿ ಎರಡು ವರ್ಷ ಹತ್ತು ತಿಂಗಳು ಹಿಡಿಯಿತು. ಆಟ ಯಾವ ವಯಸ್ಸಿನವರಿಗೆ ಅನ್ನೋದನ್ನೂ ನೋಡಿ, ಬಾಲ್ಡರ್ಸ್ ಗೇಟ್ 3 ದೊಡ್ಡವರಿಗೆ ಮಾಡಿದ್ದು.

ಕೊಂಡು ಆಡಿದ ಮೇಲೆ ಇಷ್ಟವಾಗದಿದ್ದರೆ, ಕೊಂಡ 14 ದಿನದೊಳಗೆ ಇದ್ದು, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ಹಣ ವಾಪಸ್ ಕೊಡುತ್ತೆ. ಅರ್ಲಿ ಆಕ್ಸೆಸ್ ಆಟಕ್ಕೂ ಇದೇ ನಿಯಮ. ಪ್ರೀ ಆರ್ಡರ್ ಮಾಡಿದ್ದರೆ ಬಿಡುಗಡೆಯ ತನಕ ಯಾವಾಗ ಬೇಕಾದರೂ ರದ್ದು ಮಾಡಬಹುದು. ದುಡ್ಡೇ ಬೇಡ, ಸುಮ್ನೆ ಗಮನ ಇಟ್ಟಿರೋಣ ಅಂದ್ರೆ ಸ್ಟೀಮ್‌ನಲ್ಲಿ ಆ ಆಟದ ಪುಟದಲ್ಲಿರುವ ವಿಶ್‌ಲಿಸ್ಟ್ ಗುಂಡಿ ಒತ್ತಿ ಬಿಟ್ಟರೆ ಸಾಕು, ಆಟ ಬಂದ ದಿನ ಇಮೇಲ್ ಬರುತ್ತೆ. ಎಷ್ಟು ಜನ ಹೀಗೆ ಒತ್ತಿದ್ದಾರೆ ಅನ್ನುವ ಲೆಕ್ಕ ಆಟ ಮಾಡುವವರಿಗೂ ಕಾಣುತ್ತೆ. ಸಣ್ಣ ತಂಡಗಳಿಗೆ ಆ ಲೆಕ್ಕವೇ ದೊಡ್ಡ ಧೈರ್ಯ.